ಮೊದಲ ಗೊಂಬೆ ಅಗ್ಗದ್ದೇ ಇರಲಿ

ಕಳೆದ ವರ್ಷ ಅಪ್ರೈಸಲ್ ಮುಗಿದು ಬೋನಸ್ ಬಿದ್ದ ದಿನ ರಾತ್ರಿ ಹನ್ನೊಂದೂವರೆಗೆ ನಾನು ಒಂದು ಗೊಂಬೆಯನ್ನ ಕಾರ್ಟಿಗೆ ಹಾಕಿ, ಕಾರ್ಡ್ ನಂಬರನ್ನೂ ಟೈಪ್ ಮಾಡಿ, ಕೊನೇ ಬಟನ್ ಒತ್ತದೆ ಕೂತಿದ್ದೆ. ಜಪಾನಿನ ರೆಸಿನ್ ಗೊಂಬೆ. ಎರಡಡಿ ಹತ್ತಿರ ಎತ್ತರ, ಗಾಜಿನ ಕಣ್ಣು, ಮೊಣಕೈ ಮೊಣಕಾಲು ಸೊಂಟಕ್ಕೆಲ್ಲ ಗುಂಡು ಕೀಲು, ಮೈಯೊಳಗೆ ಎಲಾಸ್ಟಿಕ್ ದಾರ. ಕೂರಿಸಿದ ಹಾಗೆ ಕೂರುತ್ತೆ, ತಲೆ ಓರೆ ಮಾಡಿದರೆ ಹಾಗೇ ನಿಲ್ಲುತ್ತೆ. ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿಸಿದರೆ ನನ್ನ ಮನೆಯ ಮೂರು ತಿಂಗಳ ಬಾಡಿಗೆ.

ಮಾರನೇ ದಿನ ಊಟದ ಹೊತ್ತಲ್ಲಿ ಪಕ್ಕದ ಡೆಸ್ಕಿನ ಗೆಳತಿಗೆ ಹೇಳಿದೆ. ಅವಳು ಡಬ್ಬಿ ಮುಚ್ಚಳ ತೆಗೆಯುತ್ತಾ, "ಅಲ್ಲ ಕಣೇ, ಕ್ಯಾಮೆರಾ ತಗೊಂಡೆ, ಅದು ಬೀರುವಲ್ಲಿದೆ. ಗಿಟಾರ್ ತಗೊಂಡೆ, ಅದು ಮಂಚದ ಕೆಳಗಿದೆ. ಮೊದಲು ಒಂದು ಕಡಿಮೆ ರೇಟಿಂದು ತಗೊಂಡು ನೋಡು. ಆರು ತಿಂಗಳಾದ ಮೇಲೂ ಅದನ್ನ ಕೈಗೆ ಎತ್ತಿಕೊಳ್ತಾ ಇದ್ರೆ ಆಗ ದೊಡ್ಡದು ತಗೋ" ಅಂದಳು.

ಮಾತು ಸರಿಯಾಗಿತ್ತು, ಅದಕ್ಕೇ ಸಿಟ್ಟು ಬಂತು. ಆದರೂ ಅದೇ ವಾರ ಹನ್ನೊಂದು ಇಂಚಿನ ಒಂದು ಪ್ಲಾಸ್ಟಿಕ್ ಗೊಂಬೆ ತರಿಸಿದೆ. ಕೈಕಾಲು ಮಡಚುತ್ತೆ, ಬೆಲೆ ಇಬ್ಬರು ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದಷ್ಟು. ಬಂದ ವಾರಕ್ಕೇ ಒಂದು ಮಂಡಿ ಸಡಿಲವಾಯ್ತು. ಅದನ್ನ ಮೇಜಿನ ಮೇಲಿಟ್ಟುಕೊಂಡು ನಾನು ಬೇರೆ ಕೆಲಸ ಶುರುಮಾಡಿದೆ. ಗೊಂಬೆ ಕೂಡಿಟ್ಟವರೆಲ್ಲ ಮೊದಲು ಯಾವ ಗೊಂಬೆಯಿಂದ ಶುರುಮಾಡಿದ್ದರು ಅಂತ ಓದೋದು. ಓದುತ್ತಾ ಹೋದ ಹಾಗೆ ನನಗೆ ಸಿಕ್ಕಿದ ಮೂರು ಮೊದಲ ಗೊಂಬೆಗಳ ಕತೆ ಇದು. ನಾಲ್ಕನೆಯದೂ ಒಂದಿದೆ, ಅದು ನಮ್ಮ ಮನೆಯ ಅಟ್ಟದಲ್ಲೇ ಇತ್ತು.

ಮೊದಲ ಕತೆ ಲಂಡನ್ನಿನದು. ಕೆನ್ಸಿಂಗ್ಟನ್ ಅರಮನೆಯಲ್ಲಿ ಒಬ್ಬಳು ಹುಡುಗಿ. ಮುಂದೆ ವಿಕ್ಟೋರಿಯಾ ರಾಣಿ ಆದವಳು. ಅರಮನೆ ಅಂದರೆ ಸುಖ ಅಂದುಕೋಬೇಡಿ. ಅವಳ ತಾಯಿ ಮತ್ತು ತಾಯಿಯ ಆಪ್ತ ಅಧಿಕಾರಿ ಜಾನ್ ಕಾನ್ರಾಯ್ ಸೇರಿ ಆ ಮಗುವಿಗೆ ಕಟ್ಟಿದ್ದ ಕಟ್ಟುಪಾಡು ಎಷ್ಟಿತ್ತಂದರೆ, ಯಾರದಾದರೂ ಕೈ ಹಿಡಿಯದೆ ಮೆಟ್ಟಿಲು ಇಳಿಯೋ ಹಾಗಿರಲಿಲ್ಲ. ರಾತ್ರಿ ತಾಯಿಯ ಕೋಣೆಯಲ್ಲೇ ಮಲಗಬೇಕು. ಓರಗೆಯ ಮಕ್ಕಳ ಜೊತೆ ಬೆರೆಯೋದು ಅಪರೂಪ. ಜೊತೆಗಿದ್ದವಳು ಲೆಹ್ಜೆನ್ ಅನ್ನೋ ಜರ್ಮನ್ ಗವರ್ನೆಸ್.

ಈ ಇಬ್ಬರೂ ಸೇರಿ 1830ರ ದಶಕದ ಮೊದಲ ವರ್ಷಗಳಲ್ಲಿ 132 ಗೊಂಬೆಗಳನ್ನ ಕೂಡಿಸಿದರು. ಬೆಳ್ಳಿ ಬಂಗಾರದ್ದಲ್ಲ, ಮೇಣದ್ದೂ ಅಲ್ಲ. ಆಲ್ಪ್ಸ್ ಬೆಟ್ಟಗಳ ಗ್ರೋಡನ್ ಕಣಿವೆಯ ರೈತಾಪಿ ಜನ ಕೆತ್ತುತ್ತಿದ್ದ ಮರದ ಗೊಂಬೆಗಳು. ಆಗ ಆಸ್ಟ್ರಿಯಾದ ಟಿರೋಲ್‌ಗೆ ಸೇರಿದ್ದ ಆ ಕಣಿವೆ ಈಗ ಇಟಲಿಯಲ್ಲಿದೆ. ಮರದ ಗೂಟದ ಕೀಲು, ಬಣ್ಣದಲ್ಲೇ ಬರೆದ ಕಪ್ಪು ಕೂದಲು, ನಡುನೆತ್ತಿಯಲ್ಲಿ ಪುಟ್ಟದೊಂದು ಹಳದಿ ಬಾಚಣಿಗೆ. ಎತ್ತರ ಮೂರರಿಂದ ಒಂಬತ್ತು ಇಂಚು. ಇಂಥವನ್ನ ಇಂಗ್ಲೆಂಡಿನಲ್ಲಿ ಪೆನ್ನಿ ಗೊಂಬೆ ಅಂತಲೇ ಕರೀತಿದ್ದರು. ಬಡವರ ಮನೆ ಮಕ್ಕಳ ಕೈಗೂ ಎಟಕುತ್ತಿದ್ದ ಗೊಂಬೆ.

ರಾಜಕುಮಾರಿಗೆ ಇದಕ್ಕಿಂತ ದೊಡ್ಡದು ಸಿಗುತ್ತಿರಲಿಲ್ಲವಾ? ಖಂಡಿತ ಸಿಗುತ್ತಿತ್ತು. ಆದರೆ ದುಬಾರಿ ಗೊಂಬೆ ಅಂದರೆ ಬಟ್ಟೆ ಹಾಕಿಕೊಂಡೇ ಬಂದಿರುತ್ತೆ, ಮಾಡಲಿಕ್ಕೆ ಏನೂ ಉಳಿದಿರಲ್ಲ. ಈ ಮರದ ಗೊಂಬೆಗಳಿಗೆ ಎಲ್ಲವನ್ನೂ ಇವರೇ ಹೊಲಿಯಬೇಕಿತ್ತು. 132ರಲ್ಲಿ 32ಕ್ಕೆ ವಿಕ್ಟೋರಿಯಾನೇ ಬಟ್ಟೆ ತೊಡಿಸಿದಳು, ಉಳಿದವಕ್ಕೆ ಲೆಹ್ಜೆನ್. ಆ ಹುಡುಗಿ ಆಪೆರಾ, ಬ್ಯಾಲೆಗಳಲ್ಲಿ ಕಂಡ ಕಲಾವಿದೆಯರು, ದರ್ಬಾರಿನ ಹೆಂಗಸರು, ಎಲ್ಲರೂ ಕೆಲವೇ ಇಂಚಿನಲ್ಲಿ ಮೇಜಿನ ಮೇಲೆ ನಿಂತರು. ಒಂದು ಕಾಪಿ ಪುಸ್ತಕದಲ್ಲಿ ಪಟ್ಟಿಯೂ ಇತ್ತು. ಗೊಂಬೆಯ ಹೆಸರು, ಬಟ್ಟೆ ತೊಡಿಸಿದವರು ಯಾರು, ಅದು ಯಾವ ಪಾತ್ರ ಅಂತೆಲ್ಲ. ನಮ್ಮ ಎಕ್ಸೆಲ್ ಶೀಟಿನ ಮುತ್ತಜ್ಜಿ ಅನ್ನಿ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1831ರಲ್ಲಿ, ಮೈಸೂರಿನ ಆಡಳಿತವನ್ನ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿದ್ದರು. ಅಲ್ಲಿ ಹನ್ನೆರಡರ ಹುಡುಗಿ ಗೊಂಬೆಗೆ ಲಂಗ ಹೊಲೀತಾ ಕೂತಿದ್ದಾಗ ಇಲ್ಲಿ ರಾಜ್ಯದ ಮೇಲೆ ಕಮಿಷನರ್ ಬಂದು ಕೂತಿದ್ದ. ಮುಂದೆ ಮೈಸೂರನ್ನೂ ಅವಳ ಹೆಸರಿನಲ್ಲೇ ಆಳಿದರು. ಗೊಂಬೆ ಅನ್ನೋ ಪದಕ್ಕೆ ನಮ್ಮಲ್ಲಿ ಎರಡನೇ ಅರ್ಥ ಸುಮ್ಮನೆ ಹುಟ್ಟಿದ್ದಲ್ಲ.

ವಿಕ್ಟೋರಿಯಾಗೆ ಬೇಕಿದ್ದದ್ದು ಗೊಂಬೆ ಅಲ್ಲ, ಜನ. ಜೊತೆಗೆ ತನ್ನ ಕೈಯಾರೆ ಮಾಡಬಹುದಾದ ಒಂದು ಕೆಲಸ. ಎರಡಕ್ಕೂ ಅಗ್ಗದ ಗೊಂಬೆಯೇ ಸರಿ. ಹದಿನಾಲ್ಕರ ಹತ್ತಿರ ಬಂದಾಗ ಆಟ ನಿಂತಿತು. ಗೊಂಬೆಗಳು ಮಾತ್ರ ಉಳಿದವು, ಅವುಗಳ ಮೇಲೆ 1894ರಲ್ಲಿ ಒಂದು ಪುಸ್ತಕವೇ ಬಂತು.

ಎರಡನೇ ಕತೆ ನಮ್ಮದೇ ದೇಶದ್ದು. ದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿ ಇರೋ ಗೊಂಬೆಗಳ ಮ್ಯೂಸಿಯಂಗೆ ಸ್ಕೂಲ್ ಟ್ರಿಪ್‌ನಲ್ಲಿ ಹೋದವರು ನಿಮ್ಮಲ್ಲೂ ಇರಬಹುದು. ಅದನ್ನ ಕಟ್ಟಿದವರು ಕಾರ್ಟೂನಿಸ್ಟ್ ಶಂಕರ್, ಅಂದರೆ ಕೆ. ಶಂಕರ್ ಪಿಳ್ಳೈ. 1948ರಲ್ಲಿ 'ಶಂಕರ್ಸ್ ವೀಕ್ಲಿ' ಶುರುಮಾಡಿದವರು, ಮರುವರ್ಷ ಮಕ್ಕಳ ಚಿತ್ರಕಲೆ ಸ್ಪರ್ಧೆ ಶುರುಮಾಡಿದವರು. 1950ರ ದಶಕದ ಆರಂಭದಲ್ಲಿ ಆ ಸ್ಪರ್ಧೆಯಲ್ಲಿ ಬಹುಮಾನವಾಗಿ ಕೊಡಿ ಅಂತ ಹಂಗೇರಿಯ ರಾಯಭಾರಿ ಅವರ ಕೈಗೆ ಒಂದು ಗೊಂಬೆ ಕೊಟ್ಟರು. ಹಂಗೇರಿಯ ಉಡುಪು ತೊಟ್ಟ ಗೊಂಬೆ. ಶಂಕರ್ ಅದಕ್ಕೆ ಮನಸೋತರು. ಅಲ್ಲಿಂದ ಶುರು.

ಪತ್ರಕರ್ತರ ತಂಡದಲ್ಲಿ ಪ್ರಧಾನಿ ನೆಹರೂ ಜೊತೆ ವಿದೇಶಕ್ಕೆ ಹೋದಾಗೆಲ್ಲ ಅಲ್ಲಿಂದ ಗೊಂಬೆ ತಂದರು. ಕೆಲವೇ ವರ್ಷದಲ್ಲಿ ಅದು ನೂರಾರು ಆಯ್ತು. ಅವನ್ನ ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಮಕ್ಕಳ ಚಿತ್ರಗಳ ಜೊತೆ ಊರೂರಿಗೆ ಒಯ್ದು ಪ್ರದರ್ಶನ ಮಾಡಿದರು. ಪ್ಯಾಕ್ ಮಾಡೋದು, ಬಿಚ್ಚೋದು, ಮತ್ತೆ ಪ್ಯಾಕ್ ಮಾಡೋದು. ಗೊಂಬೆಗಳು ಮುರಿಯತೊಡಗಿದವು. ಇವಕ್ಕೊಂದು ಸ್ವಂತ ಮನೆ ಬೇಕು ಅನ್ನೋ ಮಾತು ಹುಟ್ಟಿದ್ದು ಹಾಗೆ. ಇಂದಿರಾ ಗಾಂಧಿ ಅದಕ್ಕೆ ಒತ್ತಾಸೆಯಾದರು. 1965ರ ನವೆಂಬರ್ 30ರಂದು ರಾಷ್ಟ್ರಪತಿ ರಾಧಾಕೃಷ್ಣನ್, ಹೌದು, ಹಿಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದವರೇ, ಆ ಮ್ಯೂಸಿಯಂ ಉದ್ಘಾಟಿಸಿದರು. ಅಲ್ಲಿ ಗೊಂಬೆ ಮಾಡೋ ವರ್ಕ್‌ಶಾಪೂ ಇದೆ. ನಮ್ಮ ಒಂದೊಂದು ರಾಜ್ಯದ ಉಡುಪಿನ ಗೊಂಬೆ ಮಾಡಿ, ಬೇರೆ ದೇಶಕ್ಕೆ ಕೊಟ್ಟು, ಅಲ್ಲಿಯದನ್ನ ತರಿಸಿಕೊಳ್ಳೋ ಪದ್ಧತಿ.

ಇಲ್ಲಿ ಗಮನಿಸಿ. ಶಂಕರ್ ಅವರ ಮೊದಲ ಗೊಂಬೆಗೆ ಅವರು ಒಂದು ಪೈಸೆ ಕೊಟ್ಟಿರಲಿಲ್ಲ. ಅದು ಅವರಿಗೆ ಅಂತ ಬಂದದ್ದೂ ಅಲ್ಲ, ಬೇರೆ ಯಾವುದೋ ಮಗುವಿಗೆ ಹೋಗಬೇಕಿತ್ತು. ಬಹುಶಃ ಅದಕ್ಕೇ ಅವರ ಸಂಗ್ರಹ ಕೊನೆಗೂ ಮಕ್ಕಳದ್ದೇ ಆಯ್ತು. ಅವರಿಗೆ ಇಷ್ಟವಾದದ್ದು ಇಟ್ಟುಕೊಳ್ಳೋದಲ್ಲ, ತೋರಿಸೋದು.

ಮೂರನೆಯದು ಬ್ಲೈಥ್. ಇನ್‌ಸ್ಟಾದಲ್ಲಿ ದೊಡ್ಡ ತಲೆ, ಬಟ್ಟಲುಗಣ್ಣಿನ ಗೊಂಬೆ ನೋಡಿರ್ತೀರಲ್ಲ, ಅದೇ. 1972ರಲ್ಲಿ ಅಮೆರಿಕದ ಕೆನ್ನರ್ ಕಂಪನಿ ಮಾರುಕಟ್ಟೆಗೆ ಬಿಟ್ಟಿತು. ತಲೆ ಹಿಂದಿನ ದಾರ ಎಳೆದರೆ ಕಣ್ಣಿನ ಬಣ್ಣ ಬದಲಾಗುತ್ತೆ, ಒಟ್ಟು ನಾಲ್ಕು ಬಣ್ಣ. ಮಕ್ಕಳು ನೋಡಿ ಹೆದರಿಕೊಂಡರು. ಒಂದೇ ವರ್ಷಕ್ಕೆ ಕಂಪನಿ ಅದರ ತಯಾರಿಕೆ ನಿಲ್ಲಿಸಿತು. ಇಪ್ಪತ್ತೈದು ವರ್ಷ ಯಾರೂ ಹೆಚ್ಚು ಕೇಳಲಿಲ್ಲ.

1997ರಲ್ಲಿ ನ್ಯೂಯಾರ್ಕಿನ ಜೀನಾ ಗರಾನ್ ಅನ್ನೋ ವಿಡಿಯೋ ಪ್ರೊಡ್ಯೂಸರ್‌ಗೆ ಒಬ್ಬರು ಈ ಗೊಂಬೆ ಕೊಟ್ಟರು. ನೋಡಲಿಕ್ಕೆ ನಿನ್ನ ಹಾಗೇ ಇದೆ ಅಂತ. ಅವಳು ಅದನ್ನ ಹೋದಲ್ಲೆಲ್ಲ ಒಯ್ದು ಫೋಟೋ ತೆಗೆದಳು. 2000ದಲ್ಲಿ ಆ ಫೋಟೋಗಳ ಪುಸ್ತಕ ಬಂತು. ಜಪಾನಿನ ಒಂದು ದೊಡ್ಡ ಮಳಿಗೆಯ ಜಾಹೀರಾತಿನಲ್ಲಿ ಬ್ಲೈಥ್ ಕಾಣಿಸಿಕೊಂಡಿತು. 2001ರಲ್ಲಿ ಟಕಾರಾ ಕಂಪನಿ ಹೊಸದಾಗಿ ತಯಾರಿಸಲಿಕ್ಕೆ ಶುರುಮಾಡಿತು. 1972ರ ಹಳೇ ಬ್ಲೈಥ್‌ಗೆ ಈಗ ಕೇಳುವ ಬೆಲೆ ನೋಡಿದರೆ ನಾನು ಕಾರ್ಟಿಗೆ ಹಾಕಿದ್ದ ರೆಸಿನ್ ಗೊಂಬೆಯೇ ವಾಸಿ ಅನ್ನಿಸುತ್ತೆ.

ಅಂದ ಹಾಗೆ ಆ ರೆಸಿನ್ ಗೊಂಬೆಯ ವಂಶಕ್ಕೂ ವಯಸ್ಸು ಅಷ್ಟೇನಿಲ್ಲ. ಜಪಾನಿನ ವೋಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿ ಅನ್ನೋ ಹೆಸರಲ್ಲಿ ಹೊರತಂದದ್ದೇ ಇವತ್ತಿನ ಈ ಹುಚ್ಚಿನ ಶುರು. ಕಣ್ಣು ಬದಲಾಯಿಸಬಹುದು, ವಿಗ್ ಬದಲಾಯಿಸಬಹುದು, ಮುಖದ ಬಣ್ಣ ಅಳಿಸಿ ಹೊಸದಾಗಿ ಬರೆಯಬಹುದು. ಅಂದರೆ ಕೊಂಡ ಮೇಲೆ ಕೆಲಸ ಮುಗಿಯಲ್ಲ, ಶುರುವಾಗುತ್ತೆ. ರೆಸಿನ್ ಕಾಲ ಕಳೆದ ಹಾಗೆ ಹಳದಿ ತಿರುಗುತ್ತೆ, ಬಿಸಿಲು ತಾಗದ ಹಾಗೆ ನೋಡಿಕೋಬೇಕು. ಒಳಗಿನ ಎಲಾಸ್ಟಿಕ್ ಜೋತುಬಿದ್ದರೆ ಬಿಚ್ಚಿ ಹೊಸದು ಕಟ್ಟಬೇಕು. ಇದೆಲ್ಲ ನನಗೆ ಇಷ್ಟವಾ ಅನ್ನೋದು ಫೋಟೋ ನೋಡಿ ಗೊತ್ತಾಗೋ ವಿಷಯ ಅಲ್ಲ.

ಹಾಗಾಗಿ ನನ್ನ ಸಡಿಲ ಮಂಡಿಯ ಗೊಂಬೆಯ ಮೇಲೆ ಒಂದೊಂದನ್ನೇ ಮಾಡಿ ನೋಡಿದೆ. ಮುಖದ ಬಣ್ಣ ಅಳಿಸಿ ಹೊಸದಾಗಿ ಬರೆದೆ. ಹುಬ್ಬು ಒಂದು ಮೇಲೆ, ಒಂದು ಕೆಳಗೆ. ಮೂರು ಸಲ ಅಳಿಸಿದೆ, ನಾಲ್ಕನೇ ಸಲಕ್ಕೆ ಬೇಜಾರಾಯ್ತು. ಫೋಟೋ ತೆಗೆದೆ, ಎರಡು ವಾರಕ್ಕೆ ಅದೂ ಸಾಕಾಯ್ತು. ವಿಗ್ ಕೊಳ್ಳೋದರಲ್ಲಿ ಆಸಕ್ತಿಯೇ ಹುಟ್ಟಲಿಲ್ಲ. ಆದರೆ ಒಂದು ಭಾನುವಾರ ಹಳೇ ದುಪ್ಪಟ್ಟಾದ ಅಂಚು ಕತ್ತರಿಸಿ ಅದಕ್ಕೊಂದು ರವಿಕೆ ಹೊಲಿಯಲಿಕ್ಕೆ ಕೂತೆ. ತಲೆ ಎತ್ತಿ ನೋಡಿದರೆ ಕಿಟಕಿ ಆಚೆ ಕತ್ತಲು. ಮಧ್ಯಾಹ್ನ ಊಟ ಮಾಡಿರಲಿಲ್ಲ.

ಅಗ್ಗದ ಮೊದಲ ಗೊಂಬೆಯ ಉಪಯೋಗ ಇದು ಅಂತ ನನಗೆ ಅನ್ನಿಸೋದು. ದುಡ್ಡು ಉಳಿಯುತ್ತೆ ಅನ್ನೋದು ಎರಡನೇ ಮಾತು. ಉಳಿಯದೇ ಹೋಗಲೂಬಹುದು. ಇದು ಅಗ್ಗ, ಅದೂ ಅಗ್ಗ ಅಂತ ಆರು ತಗೊಂಡರೆ ಖರ್ಚು ಏರುತ್ತಲೇ ಹೋಗುತ್ತೆ, ಮನೆಯಲ್ಲಿ ಯಾರೂ ಮುಟ್ಟದ ಆರು ಗೊಂಬೆ ಉಳಿಯುತ್ತೆ. ಅದಕ್ಕೇ ಒಂದೇ ತಗೋಬೇಕು. ಅದನ್ನ ಹಾಳುಮಾಡಲಿಕ್ಕೆ ಹೆದರಬಾರದು. ನಿಮಗೆ ಹೊಲಿಯೋದು ಇಷ್ಟವೋ, ಬಣ್ಣ ಬರೆಯೋದೋ, ತೋರಿಸೋದೋ, ಫೋಟೋನೋ, ಇಲ್ಲಾ ಬರೀ ಆರ್ಡರ್ ಮಾಡೋದು ಮಾತ್ರ ಇಷ್ಟವೋ ಅಂತ ಅದು ಹೇಳುತ್ತೆ. ಮೂರು ತಿಂಗಳ ಬಾಡಿಗೆ ಕೊಟ್ಟು ತಂದ ಗೊಂಬೆಯ ಹುಬ್ಬು ನಾನು ಅಳಿಸುತ್ತಿದ್ದೆನಾ? ಗಾಜಿನ ಬೀರುವಲ್ಲಿಟ್ಟು ದೂರದಿಂದ ನೋಡುತ್ತಿದ್ದೆ.

ಈಗ ನಾಲ್ಕನೇ ಗೊಂಬೆ.

ಓದುವಾಗ ನನಗೆ ಜಪಾನಿನ ಹಿನಾ ಗೊಂಬೆಗಳ ವಿಷಯ ಸಿಕ್ಕಿತು. ಮಾರ್ಚ್ 3ರ ಹಬ್ಬ, ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಎಲ್ಲಕ್ಕಿಂತ ಮೇಲೆ ಚಕ್ರವರ್ತಿ ಮತ್ತು ರಾಣಿ. ಪೂರ್ತಿ ಸೆಟ್ ಅಂದರೆ ಏಳು ಮೆಟ್ಟಿಲು, 15 ಗೊಂಬೆ. ಆದರೆ ಎಷ್ಟೋ ಮನೆಗಳಲ್ಲಿ ಆ ಒಂದು ಜೋಡಿ ಮಾತ್ರ ಇರುತ್ತೆ, ಅಷ್ಟೇ ಸಾಕು. 18ನೇ ಶತಮಾನದಲ್ಲಿ ಈ ಗೊಂಬೆಗಳ ದುಂದು ಎಷ್ಟಾಯ್ತಂದರೆ ಶೋಗುನರ ಸರ್ಕಾರ ಎತ್ತರಕ್ಕೇ ಮಿತಿ ಹಾಕಿತು. ಜನ ಬಿಟ್ಟಾರೆಯೇ? ಬೆರಳುದ್ದದ ಗೊಂಬೆ ಮಾಡಿ ಅದರಲ್ಲೇ ವೈಭವ ತೋರಿಸಿದರು. ಆ ಪುಟ್ಟ ಗೊಂಬೆಗಳಿಗೆ ಅವರಿಟ್ಟ ಹೆಸರಿನ ಅರ್ಥ ಗಸಗಸೆ ಗೊಂಬೆ.

ಮೆಟ್ಟಿಲು, ರಾಜ ರಾಣಿ ಜೋಡಿ, ವರ್ಷಕ್ಕೊಮ್ಮೆ ಹಬ್ಬ. ಮೈಸೂರಿನಲ್ಲಿ ಹುಟ್ಟಿದ ನಾನು ಇದನ್ನ ಓದಿ ಲ್ಯಾಪ್‌ಟಾಪ್ ಮುಚ್ಚಿದೆ. ಸ್ಟಾರ್ಟರ್ ಗೊಂಬೆ ಅನ್ನೋದು ನನ್ನ ಮನೆಯಲ್ಲೇ ಇತ್ತಲ್ಲ. ಅದರ ಹೆಸರು ಪಟ್ಟದ ಗೊಂಬೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಳೇ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸೋ ಮನೆಗಳಲ್ಲಿ ಮದುವೆಯಾಗಿ ಹೋಗುವ ಮಗಳಿಗೆ ತವರಿನವರು ಒಂದು ಜೊತೆ ಮರದ ಗೊಂಬೆ ಕೊಡ್ತಾರೆ. ರಾಜ, ರಾಣಿ. ಒಳ್ಳೇದಾದರೆ ರಕ್ತಚಂದನದ್ದು. ಬರಿಮೈಯಲ್ಲಿ ಬರುತ್ತವೆ. ಪೇಟ, ಪಂಚೆ, ಸೀರೆ, ಒಡವೆ ಎಲ್ಲ ಮನೆಯವರೇ ಮಾಡಿ ತೊಡಿಸಬೇಕು. ಆ ಜೋಡಿಯನ್ನ ಮೇಲಿನ ಮೆಟ್ಟಿಲಲ್ಲಿ ಪಟ್ಟಕ್ಕೆ ಕೂರಿಸಿ, ಕೆಳಗೆ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸುತ್ತಾ ಹೋಗಬೇಕು. ಮೆಟ್ಟಿಲು ಮೂರು, ಐದು, ಏಳು, ಒಂಬತ್ತು, ಬೆಸಸಂಖ್ಯೆಯಲ್ಲೇ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ದವಸದ ಪುಟ್ಟ ಗುಡ್ಡೆಗಳ ಮುಂದೆ ಕೂತ ಶೆಟ್ಟಿ ಶೆಟ್ಟಮ್ಮ, ಮಣ್ಣಿನ ಗೊಂಬೆ, ಪ್ಲಾಸ್ಟಿಕ್ ಕಾರು, ಎಲ್ಲಕ್ಕೂ ಜಾಗ ಇರುತ್ತೆ. ಸಂಜೆ ಆರತಿ, ಬಂದ ಮಕ್ಕಳಿಗೆ ಗೊಂಬೆ ಬಾಗಿನ. ವಿಜಯದಶಮಿಯ ರಾತ್ರಿ ಗೊಂಬೆಯನ್ನ ಮಲಗಿಸಿದರೆ ಹಬ್ಬ ಮುಗೀತು. ಅರಮನೆಯಲ್ಲೂ ಗೊಂಬೆ ತೊಟ್ಟಿ ಅಂತ ಒಂದು ಅಂಗಳವೇ ಇದೆ.

ಎಂಥ ಬುದ್ಧಿವಂತಿಕೆಯ ಏರ್ಪಾಡು ನೋಡಿ. ಮೊದಲು ಎರಡೇ ಎರಡು, ಅದೂ ಬರಿಮೈಯದು. ಉಳಿದದ್ದು ನಿಧಾನಕ್ಕೆ. ಒಂದೇ ಸಲ ನೂರು ಗೊಂಬೆ ತಂದು ಹಾಲ್ ತುಂಬಿಸೋ ಮಾತೇ ಇಲ್ಲ. ಆದರೆ ಇದರಲ್ಲಿ ಒಂದು ಷರತ್ತಿದೆ. ಗೊಂಬೆ ಬೇಕಂದರೆ ಮೊದಲು ಮದುವೆಯಾಗಬೇಕು. ನನಗೆ 33, ಆಗಿಲ್ಲ, ಆಗೋ ಅಂದಾಜೂ ಸದ್ಯಕ್ಕಿಲ್ಲ. ಷರತ್ತಿಗೆ ಇನ್ನೊಂದು ತುದಿಯೂ ಇದೆ. ಅಪ್ಪ ಹೋದ ವರ್ಷದಿಂದ ಅಮ್ಮ ಗೊಂಬೆ ಕೂರಿಸಿಲ್ಲ. ಕೂರಿಸಬೇಡ ಅಂತ ಯಾರೂ ಹೇಳಲಿಲ್ಲ. ಕೂರಿಸು ಅಂತಲೂ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಪಟ್ಟದ ಗೊಂಬೆ ಹಳೇ ಪಂಚೆಯಲ್ಲಿ ಸುತ್ತಿಕೊಂಡು ಟ್ರಂಕ್ ಸೇರಿ ಆರು ವರ್ಷ ಆಗಿತ್ತು.

ಆಗಸ್ಟಿನಲ್ಲಿ ಲಾಂಗ್ ವೀಕೆಂಡಿಗೆ ಮೈಸೂರಿಗೆ ಹೋದಾಗ ಬ್ಯಾಗಿನಲ್ಲಿ ನನ್ನ ಪ್ಲಾಸ್ಟಿಕ್ ಗೊಂಬೆಯನ್ನೂ ಹಾಕಿಕೊಂಡು ಹೋದೆ. ಅಮ್ಮ ಅದನ್ನ ತಿರುಗಿಸಿ ನೋಡಿ, "ಇದೇನೇ, ರವಿಕೆ ಕಂಕುಳಲ್ಲಿ ಎಳೀತಾ ಇದೆ" ಅಂದಳು. ಎಷ್ಟು ಕೊಟ್ಟೆ ಅಂತಲೂ ಕೇಳಲಿಲ್ಲ, ಈ ವಯಸ್ಸಿಗೆ ಗೊಂಬೆಯಾ ಅಂತಲೂ ಕೇಳಲಿಲ್ಲ.

"ಸೀರೆ ಉಡಿಸೋದು ಹೇಗಮ್ಮ? ನೆರಿಗೆ ನಿಲ್ಲಲ್ಲ."

"ಹತ್ತಿ ಬಟ್ಟೆ ನಿಲ್ಲಲ್ಲ ಕಣೇ. ರೇಷ್ಮೆ ಆಗಬೇಕು. ನೆರಿಗೆ ಮೊದಲೇ ಮಡಚಿ, ದಾರ ಹಾಕಿ, ಒಂದು ರಾತ್ರಿ ಭಾರ ಹೇರಿ ಇಡಬೇಕು."

ಸಂಜೆ ಅವಳೇ ಸ್ಟೂಲ್ ಹತ್ತಲಿಕ್ಕೆ ಹೊರಟಳು. ನಾನು ಹತ್ತಿ ಟ್ರಂಕ್ ಇಳಿಸಿದೆ. ಅಳತೆ ನೋಡಲಿಕ್ಕೆ ಅಂದಳು. ರಾಣಿಯ ಸೀರೆಯ ಜರಿ ಕಪ್ಪಾಗಿತ್ತು, ರಾಜನ ಪೇಟ ಸೊಟ್ಟಗಾಗಿತ್ತು. ಅಜ್ಜಿ ಹೊಲಿದದ್ದಂತೆ, ಕೈಹೊಲಿಗೆ, ಒಳಗಡೆ ಕೂಡ ಒಂದು ದಾರ ಹೊರಬಂದಿಲ್ಲ. ಇಬ್ಬರೂ ಕೂತು ರಾಣಿಯ ಸೀರೆ ಬಿಚ್ಚಿ, ಅದು ಹೇಗೆ ಮಡಚಿದೆ ಅಂತ ನೋಡಿ, ಅಮ್ಮನ ಹಳೇ ಮೈಸೂರು ಸಿಲ್ಕ್ ರವಿಕೆ ತುಂಡಿನಲ್ಲಿ ನನ್ನ ಗೊಂಬೆಗೆ ಒಂದು ಕತ್ತರಿಸಿದೆವು. ಸಡಿಲ ಮಂಡಿ ಸೀರೆಯೊಳಗೆ ಮುಚ್ಚಿಹೋಯ್ತು.

"ಈ ಸಲ ಕೂರಿಸೋಣವಾ?" ಅಂತ ಕೇಳಿದೆ. ಎಷ್ಟೋ ವರ್ಷದಿಂದ ಕೇಳಬೇಕಿದ್ದ ಮಾತು.

ಅಮ್ಮ ಸೂಜಿಗೆ ದಾರ ಪೋಣಿಸುತ್ತಾ ಇದ್ದಳು. "ಮೆಟ್ಟಿಲು ಕಟ್ಟೋರು ಯಾರು? ನಿಂಗೆ ರಜ ಸಿಗುತ್ತಾ?" ಅಂದಳು.

ರಜ ಹಾಕಿದೆ. ಮೂರೇ ಮೆಟ್ಟಿಲು ಕಟ್ಟಿದೆವು. ಆರತಿಗೆ ಪಕ್ಕದ ಮನೆಯ ಇಬ್ಬರು ಮಕ್ಕಳನ್ನ ಕರೆದೆವು. ಅವರಮ್ಮನೂ ಬಂದರು. ಮೇಲೆ ಪಟ್ಟದ ಗೊಂಬೆ ಹೊಸ ಪೇಟದಲ್ಲಿ, ಕೆಳಗೆ ಹಳೆಯವು, ಕೊನೇ ಮೆಟ್ಟಿಲ ತುದಿಗೆ ವರ್ಷದ ಹೊಸ ಗೊಂಬೆಯ ಜಾಗದಲ್ಲಿ ನನ್ನ ಪ್ಲಾಸ್ಟಿಕ್ ಹುಡುಗಿ. ಅವಳ ಹುಬ್ಬು ಇನ್ನೂ ಒಂದು ಮೇಲೆ, ಒಂದು ಕೆಳಗೆ. ಪಕ್ಕದ ಮನೆಯ ಚಿಕ್ಕ ಹುಡುಗಿ ಮಾತ್ರ ಅದನ್ನ ಕಂಡುಹಿಡಿದಳು.

ರೆಸಿನ್ ಗೊಂಬೆ ಇನ್ನೂ ತಗೊಂಡಿಲ್ಲ. ಬೇಡ ಅಂತ ತೀರ್ಮಾನಿಸಿಲ್ಲ, ಗೆಳತಿ ಹೇಳಿದ ಆರು ತಿಂಗಳೂ ಕಳೆದಿದೆ. ತಗೊಂಡರೆ ಬಟ್ಟೆ ಇಲ್ಲದ್ದನ್ನೇ ತಗೋತೀನಿ. ಸದ್ಯಕ್ಕೆ ಅಮ್ಮ ರಾಜನಿಗೆ ಕಚ್ಚೆ ಪಂಚೆ ಉಡಿಸೋದನ್ನ ಕಲಿಸ್ತಾ ಇದ್ದಾಳೆ, ವಿಡಿಯೋ ಕಾಲ್‌ನಲ್ಲಿ. ಹಿಂದಿನ ಕಚ್ಚೆ ಸಿಗಿಸೋ ಕಡೆ ನನಗಿನ್ನೂ ಸರಿ ಬರ್ತಾ ಇಲ್ಲ.